ಹದಿನಾರು ಹಲ್ಲಿನ ಹಂಬಲ

ನಮ್ಮ ಮನೆಯಲ್ಲಿ ಬೆಳಿಗ್ಗೆ ಕಾಫಿಗಿಂತ ಮೊದಲು ಎಚ್ಚರಗೊಳ್ಳುವುದು ಒಂದು ಸೈಕಲ್ ಚಕ್ರ. ಕೊಳ್ಳೇಗಾಲದ ನೇಕಾರರ ಬೀದಿಗಳಲ್ಲಿ ಒಮ್ಮೆಯಾದರೂ ಅಡ್ಡಾಡಿದವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಅಡ್ಡಾಡದವರಿಗಾಗಿ ಹೇಳುತ್ತೇನೆ, ನಮ್ಮ ಕಡೆ ಸೈಕಲ್ ಚಕ್ರಕ್ಕೆ ಪುನರ್ಜನ್ಮವುಂಟು. ಮೊದಲ ಜನ್ಮದಲ್ಲಿ ಅದು ರಸ್ತೆಯ ಮೇಲೆ ಉರುಳಿ, ಮುಳ್ಳು ಚುಚ್ಚಿಸಿಕೊಂಡು, ಪಂಕ್ಚರು ಹಾಕಿಸಿಕೊಂಡು ಬಾಳಿದರೆ, ಎರಡನೆಯ ಜನ್ಮದಲ್ಲಿ ಟೈರು ಟ್ಯೂಬುಗಳೆಂಬ ಭವಬಂಧನವನ್ನು ಕಳಚಿ, ಮರದ ಚೌಕಟ್ಟಿನ ಮೇಲೆ ನೆಲೆಗೊಂಡು, ಕಂಡಿಕೆ ಸುತ್ತುವ ರಾಟೆಯಾಗುತ್ತದೆ. ರಿಮ್ಮಿನ ಹಳ್ಳದಲ್ಲಿ ಕೂತ ದಾರ ಎದುರಿನ ಕದಿರೆಂಬ ಸಣ್ಣ ಕಬ್ಬಿಣದ ಕಡ್ಡಿಯನ್ನು ಗಿರಗಿರನೆ ತಿರುಗಿಸುತ್ತದೆ, ಕದಿರಿಗೆ ಸಿಕ್ಕಿಸಿದ ಕಂಡಿಕೆಯೆಂಬ ಪುಟ್ಟ ಕೊಳವೆಗೆ ರೇಷ್ಮೆಯ ಎಳೆ ಸುತ್ತಿಕೊಳ್ಳುತ್ತದೆ, ಆ ಕಂಡಿಕೆ ಲಾಳಿಯೊಳಗೆ ಹೊಕ್ಕು ಮಗ್ಗದಲ್ಲಿ ಸೀರೆಯಾಗುತ್ತದೆ. ರಾಟೆಯ ಹಿಡಿ ತಿರುಗಿಸುವವರು ನನ್ನ ಅತ್ತೆ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವವರು ನನ್ನ ಯಜಮಾನರು. ನಾನು ಎರಡಕ್ಕೂ ಸೇರದವಳು, ಬಸ್ಸು ಹಿಡಿದು ಮುಳ್ಳೂರಿನ ಪ್ರಾಥಮಿಕ ಶಾಲೆಗೆ ಪಾಠ ಹೇಳಲು ಹೋಗುವವಳು.

ಹೀಗಿದ್ದೂ ಆ ರಾಟೆಯಲ್ಲಿ ಬಹುಕಾಲ ತಿರುಗಿದ ಚಕ್ರ ನನ್ನದು. ಇದನ್ನು ಮೊದಲೇ ಸ್ಪಷ್ಟಪಡಿಸಿಬಿಡುವುದು ಒಳ್ಳೆಯದು, ಏಕೆಂದರೆ ನಮ್ಮ ಮನೆಯಲ್ಲಿ ಈಚೆಗೆ ನಡೆದ ಜಗಳವೆಲ್ಲ ಈ ಒಂದು ವಾಕ್ಯದ ಸುತ್ತಲೇ ನಡೆದದ್ದು.

ನನ್ನ ತವರು ಸತ್ತೇಗಾಲ. ಎಂಬತ್ತರ ದಶಕದ ಮೊದಲಲ್ಲಿ ನಾನು ಕೊಳ್ಳೇಗಾಲದ ಕಾಲೇಜಿಗೆ ಸೇರಿದಾಗ, ಬಸ್ಸು ಬಂದರೆ ಬಂತು, ಬಾರದಿದ್ದರೆ ಇಲ್ಲ ಎಂಬಂತಹ ಕಾಲದಲ್ಲಿ, ಮೇಷ್ಟರಾಗಿದ್ದ ಅಪ್ಪ ಮೈಸೂರಿನಲ್ಲಿ ಯಾರೋ ರೇಸಿನವರು ಬಿಟ್ಟ ಹಳೆಯ ಸೈಕಲ್ಲೊಂದನ್ನು ತಂದುಕೊಟ್ಟರು. ಅದರ ಹಿಂದಿನ ಚಕ್ರಕ್ಕೆ ಅಲ್ಯೂಮಿನಿಯಂ ರಿಮ್ಮು. ಊರಿನ ಬೇರೆಲ್ಲ ಚಕ್ರಗಳಿಗಿಂತ ಹಗುರ. ಹಿಂಬದಿಯಲ್ಲಿ ಚೈನು ಕಚ್ಚುವ ಫ್ರೀವೀಲಿಗೆ ಹದಿನಾರೇ ಹಲ್ಲು, ಮಿಕ್ಕವರ ಸೈಕಲ್ಲಿಗೆಲ್ಲ ಹದಿನೆಂಟು. ಹಲ್ಲು ಕಡಿಮೆಯಾದಷ್ಟೂ ತುಳಿತ ಭಾರ, ಆದರೆ ಒಂದು ತುಳಿತಕ್ಕೆ ಸಾಗುವ ದೂರ ಹೆಚ್ಚು ಎಂಬ ತತ್ವವನ್ನು ಭೌತಶಾಸ್ತ್ರದ ಅಧ್ಯಾಪಕರಿಗಿಂತ ಮೊದಲು ನನ್ನ ಮೊಣಕಾಲುಗಳೇ ನನಗೆ ಬೋಧಿಸಿದವು. ಗದ್ದೆಯ ಬದಿಯ ಆ ಮಟ್ಟ ರಸ್ತೆಯಲ್ಲಿ ಕಬ್ಬಿನ ಗಾಡಿಗಳನ್ನೂ, ಹಾಲಿನ ಸೈಕಲ್ಲುಗಳನ್ನೂ, ಒಮ್ಮೊಮ್ಮೆ ಬಸ್ಸನ್ನೂ ಹಿಂದೆ ಹಾಕಿ ನಾನು ಕಾಲೇಜು ಸೇರುತ್ತಿದ್ದೆ. ಕಾಲೇಜಿನವರು ನಡೆಸಿದ ಹುಡುಗಿಯರ ಸೈಕಲ್ ರೇಸಿನಲ್ಲಿ ಗೆದ್ದೆ ಕೂಡ. ಅದು ನೆಟ್ಟನೆಯ ರಸ್ತೆಯ ರೇಸು, ತಿರುವಿಲ್ಲದ್ದು ಎಂಬುದನ್ನು ಇಲ್ಲಿ ಸುಮ್ಮನೆ ಸೇರಿಸುತ್ತೇನೆ.

ಆಮೇಲೆ ಮದುವೆಯಾಯಿತು. ಸ್ಟೀಲ್ ಬೀರುವಿನ ಜೊತೆಗೆ ಸೈಕಲ್ಲೂ ಅತ್ತೆಯ ಮನೆಗೆ ಬಂತು. ಬಂದದ್ದು ಇಡಿಯಾಗಿ, ಉಳಿದದ್ದು ಬಿಡಿಯಾಗಿ. ನಾನು ಮೊದಲ ಬಾಣಂತನ ಮುಗಿಸಿ ತವರಿನಿಂದ ಮರಳುವಷ್ಟರಲ್ಲಿ ಹಿಂದಿನ ಚಕ್ರ ರಾಟೆಯಾಗಿತ್ತು, ಫ್ರೀವೀಲು ಮಗ್ಗದ ಹಗ್ಗವೊಂದಕ್ಕೆ ತೂಕದ ಕಲ್ಲಿನ ಬದಲು ನೇತಾಡುತ್ತಿತ್ತು, ಮಿಕ್ಕ ಸೈಕಲ್ಲು ಹಿತ್ತಿಲಲ್ಲಿ ಹೀರೇಬಳ್ಳಿಗೆ ಚಪ್ಪರವಾಗಿತ್ತು. ನಾನು ಬೇಸರಪಟ್ಟೆನೇ? ನಿಜ ಹೇಳಬೇಕೆಂದರೆ ಆಗ ಬೇಸರಪಡುವಷ್ಟು ಪುರುಸೊತ್ತೂ ಇರಲಿಲ್ಲ. ಮಗು, ಕೆಲಸ, ಮತ್ತೊಂದು ಮಗು, ವರ್ಗಾವಣೆ, ಬಸ್ ಪಾಸು ಎಂದು ವರ್ಷಗಳು ಉರುಳಿದವು, ಹೀರೇಕಾಯಿಯೂ ಚೆನ್ನಾಗಿಯೇ ಬಿಟ್ಟಿತು.

ಹೊಸ ಶತಮಾನ ಹುಟ್ಟಿ ಎರಡು ಮೂರು ವರ್ಷವಾದ ಮೇಲೆ, ಈಚೆಗೆ, ನಮ್ಮ ಶಾಲೆಗೆ ಸರ್ಕಾರಿ ನೌಕರರ ಕ್ರೀಡಾಕೂಟದ ಸುತ್ತೋಲೆ ಬಂತು. ಹೆಡ್ ಮೇಷ್ಟರು ಅದನ್ನು ನಗುತ್ತಲೇ ಓದಿದರು. ಮ್ಯೂಸಿಕಲ್ ಚೇರ್, ಲೆಮನ್ ಅಂಡ್ ಸ್ಪೂನುಗಳ ಕೆಳಗೆ, ಈ ಸಲ ಹೊಸದಾಗಿ, ಮಹಿಳೆಯರಿಗೆ ಸೈಕಲ್ ಸ್ಪರ್ಧೆ, ಮೈದಾನಕ್ಕೆ ನಾಲ್ಕು ಸುತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನಗುವಾಗಲೇ ಮೇಜಿನ ಕೆಳಗೆ ನನ್ನ ಎರಡು ಪಾದಗಳು ಒಂದರ ನಂತರ ಒಂದು ಕೆಳಗೊತ್ತುತ್ತಿರುವುದನ್ನು ಗಮನಿಸಿದೆ. ನನಗದು ಬೇಕಿತ್ತು. ಬಹುಮಾನವಲ್ಲ, ಬಹುಮಾನವೆಂದರೆ ಏನೆಂದು ನನಗೆ ಗೊತ್ತು, ಸ್ಟೀಲ್ ಡಬ್ಬಿ. ನನಗೆ ಬೇಕಿದ್ದದ್ದು ಎದುರುಗಾಳಿಗೆ ಕಣ್ಣಲ್ಲಿ ನೀರು ತರಿಸುವ ಆ ಓಟ, ಅದೂ ನನ್ನದೇ ಚಕ್ರದ ಮೇಲೆ.

ಅತ್ತೆಯ ಮುಂದೆ ವಿಷಯ ಇಟ್ಟೆ. ಅವರು ರಾಟೆ ನಿಲ್ಲಿಸಲಿಲ್ಲ.

"ಇದು ನಿಂತ್ರ ಮಗ್ಗ ನಿಂತ್ಕತ್ತದ, ಮಗ್ಗ ನಿಂತ್ರ ಒಲೆ ನಿಂತ್ಕತ್ತದ. ನಲವತ್ತಾದ್ಮ್ಯಾಲ ನಿಂಗ ಸೈಕಲ್ ಉಚ್ಚು ಯಾಕಮ್ಮಿ?" ಎಂದರು.

"ಅದು ನಮ್ಮಪ್ಪ ಕೊಡ್ಸಿದ ಚಕ್ರ ಅತ್ತೆ," ಎಂದೆ.

"ಕೊಡ್ಸಿದ್ದು ನಿಮ್ಮಪ್ಪ, ತಿರುಗುಸ್ತಿರೋಳು ನಾನು."

ನ್ಯಾಯಾಲಯವೂ ಬೇಗ ಬಿಡಿಸಲಾರದ ಪ್ರಶ್ನೆ ಇದು. ಮಗ್ಗದ ಗುಂಡಿಯಿಂದ ನನ್ನ ಯಜಮಾನರು, ಕ್ರೀಡೆಯಿಂದ ದೇಹಕ್ಕೂ ಮನಸ್ಸಿಗೂ ಒಳ್ಳೆಯದು ಎಂದು ಮೆಲ್ಲಗೆ ದನಿ ಸೇರಿಸಿದರು. ರಾಟೆ ನಿಂತರೆ ತಮಗೆ ರಜೆ ಎಂಬ ಲೆಕ್ಕಾಚಾರ ಆ ಕ್ರೀಡಾಪ್ರೇಮದ ಹಿಂದಿತ್ತೆಂದು ನನಗೆ ಗೊತ್ತಿತ್ತು, ಅವರ ತಾಯಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಕೊನೆಗೆ ಅತ್ತೆ ತೀರ್ಪು ಕೊಟ್ಟರು.

"ಒಂದ್ ತಿಂಗ್ಳು ತಕ್ಕ. ಪಕ್ಕದ್ಮನೆ ರಾಟೇಲಿ ಎಂಗೋ ಸುತ್ಕತೀನಿ. ಗೆದ್ರ ಚಕ್ರ ನಿಂದು. ಸೋತ್ರ ರಾಟೆಗ ವಾಪಸ್ಸು, ಆಮ್ಯಾಲ ಅದ್ರ ಸುದ್ದಿ ಎತ್ಕೂಡ್ದು."

ಒಪ್ಪಿಕೊಂಡೆ. ಹೀರೇಬಳ್ಳಿಯನ್ನು ಬಿಡಿಸಿ ಸೈಕಲ್ಲನ್ನು ಹೊರಗೆಳೆದು, ಚಕ್ರವನ್ನು ಹೆಗಲಿಗೆ ಹಾಕಿಕೊಂಡು, ಬಸ್ ಸ್ಟ್ಯಾಂಡಿನ ಹಿಂದಿನ ಮಾದಪ್ಪನ ಸೈಕಲ್ ಶಾಪಿಗೆ ಹೋದೆ.

ನಿಮಗೆ ಹಲ್ಲಿನ ಆಯ್ಕೆಯ ಸಂಕಟ ತಿಳಿದಿರಲಾರದು. ಇಪ್ಪತ್ತರ ಹರೆಯದಲ್ಲಿ ಹದಿನಾರು ಹಲ್ಲನ್ನು ಆಳಿದವಳಿಗೆ, ತನ್ನ ಬಾಯಲ್ಲೇ ಒಂದೆರಡು ಕಡಿಮೆಯಾದ ವಯಸ್ಸಿನಲ್ಲಿ ಸೈಕಲ್ಲಿಗೆ ಎಷ್ಟು ಹಲ್ಲಿರಬೇಕು ಎಂಬುದು ಬರಿಯ ಯಂತ್ರಶಾಸ್ತ್ರದ ಪ್ರಶ್ನೆಯಲ್ಲ, ಮಾನದ ಪ್ರಶ್ನೆ. ಹೆಚ್ಚು ಹಲ್ಲಿನದು ಹಾಕಿಸಿದರೆ ಸಲೀಸಾಗಿ ಹೊರಡಬಹುದು, ಆದರೆ ಕಾಲು ಹೊಲಿಗೆ ಯಂತ್ರದ ಹಾಗೆ ಬಡಿದರೂ ಸೈಕಲ್ಲು ಮುಂದೆ ಹೋಗದು. ಕಡಿಮೆಯದು ಹಾಕಿಸಿದರೆ ಹೊರಡುವುದೇ ಕಷ್ಟ, ಹೊರಟರೆ ಹಿಡಿಯುವವರಿಲ್ಲ. ಮಾದಪ್ಪನ ಬಳಿ ಇದಕ್ಕೊಂದು ಭೂಗೋಳವೇ ಇತ್ತು.

"ನೋಡಿ ಮೇಡಮ್ಮು, ಅನೂರು ಮಾರ್ಟಳ್ಳಿ ಕಡೆಯವ್ರು ಬೆಟ್ಟದ್ ದಾರೀಲಿ ಮೂಟೆ ಏರ್ಕಂಡು ಓಯ್ತಾರ, ಅವ್ರಿಗ ಇಪ್ಪತ್ತು ಅಲ್ಲು ಬೇಕು. ಯಳಂದೂರ್ ಕಡಿಗ ಅದಿನೆಂಟು ಸಾಕು. ಸತ್ತೇಗಾಲದವ್ರಿಗ ಮಟ್ಟ ರಸ್ತೆ, ಅದಿನಾರು ಆಕುದ್ರೂ ನಡೀತದ," ಎಂದ.

"ಮೈದಾನಕ್ಕೆ ಎಷ್ಟು?" ಎಂದು ಕೇಳಿದೆ.

"ಮೈದಾನಕ್ಕ ಅಂತ ಇವತ್ತಿನ್ಗಂಟ ಯಾರೂ ಕೇಳೇ ಇಲ್ವಲ್ಲ," ಎಂದು ಅವನು ಸ್ಪಾನರನ್ನು ಕೆಳಗಿಟ್ಟ.

ಕೇಳದವರೂ ಹೇಳತೊಡಗಿದರು. ದೊಡ್ಡ ಊರುಗಳ ರೇಸಿನವರು ಫ್ರೀ ಇಲ್ಲದ ಚಕ್ರ ಹಾಕುತ್ತಾರೆ, ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತಲೇ ಇರುತ್ತದೆ, ಅದರಿಂದ ಭಾರಿ ವೇಗ ಎಂದು ಪಂಕ್ಚರಿಗೆ ಬಂದು ಕೂತಿದ್ದ ಹಿರಿಯರೊಬ್ಬರು ವಿವರಿಸಿದರು. ಮಾದಪ್ಪ ಉತ್ಸಾಹಗೊಂಡು ಹಳೆಯ ಫ್ರೀವೀಲೊಂದಕ್ಕೆ ವೆಲ್ಡಿಂಗ್ ಮಾಡಿಸಿ ಹಾಕಿಯೇಬಿಟ್ಟ. ಅಂಗಡಿಯಿಂದ ಮನೆಯವರೆಗೆ ಗಾಳಿಯಲ್ಲಿ ತೇಲಿಬಂದೆ. ಬಾಗಿಲ ಮುಂದೆ ಎಂದಿನ ಅಭ್ಯಾಸದಂತೆ ಕಾಲು ನಿಲ್ಲಿಸಿದೆ, ಪೆಡಲು ನಿಲ್ಲಲಿಲ್ಲ. ಅದು ನನ್ನ ಕಾಲನ್ನು ಎತ್ತಿ, ಕಾಲು ನನ್ನನ್ನು ಎತ್ತಿ, ನಾನು ಪಕ್ಕದ ಮನೆಯವರು ತೊಳೆದು ಒಣಹಾಕಿದ್ದ ರಾಗಿಯ ಮೇಲೆ ಕೂತೆ. ಬಿದ್ದಲ್ಲೇ ನನಗೊಂದು ಜ್ಞಾನೋದಯವಾಯಿತು. ಒಲೆ, ಶಾಲೆ, ಬಸ್ಸು, ಮತ್ತೆ ಒಲೆ ಎಂದು ಕಾಲು ನಿಲ್ಲಿಸಲು ಬಿಡದ ಚಕ್ರವೊಂದನ್ನು ನಾನು ಹದಿನೈದಿಪ್ಪತ್ತು ವರ್ಷದಿಂದ ತುಳಿಯುತ್ತಲೇ ಇದ್ದೇನೆ, ಅದಕ್ಕಾಗಿ ಬೇರೆ ಸೈಕಲ್ಲು ಬೇಕಿಲ್ಲ. ತುಳಿಯುವುದು ಬಿಟ್ಟ ಮೇಲೂ ಟಿಕ್ ಟಿಕ್ ಎನ್ನುತ್ತಾ ಒಂದಷ್ಟು ದೂರ ತನ್ನ ಪಾಡಿಗೆ ಸಾಗುವ ಸುಖ ಫ್ರೀವೀಲಿನಲ್ಲಿ ಮಾತ್ರ ಉಂಟು, ಮನುಷ್ಯ ಚಕ್ರ ಕಂಡುಹಿಡಿದದ್ದಕ್ಕಿಂತ ಈ ವಿರಾಮ ಕಂಡುಹಿಡಿದದ್ದೇ ದೊಡ್ಡದೆಂದು ನನ್ನ ನಂಬಿಕೆ. ಮರುದಿನವೇ ಆ ವೆಲ್ಡಿಂಗಿನದನ್ನು ಬಿಚ್ಚಿಸಿದೆ.

ಹದಿನಾರೋ ಹದಿನೆಂಟೋ ಎಂಬುದನ್ನು ಕೊನೆಗೆ ಬಗೆಹರಿಸಿದವರು ಅತ್ತೆ. ಅವರ ವಾದ ರಾಟೆಯಿಂದ ಹುಟ್ಟಿದ್ದು: ದೊಡ್ಡ ಚಕ್ರ, ಸಣ್ಣ ಕದಿರು, ಕದಿರು ಸಣ್ಣದಾದಷ್ಟೂ ಗಿರಗಿರ ಹೆಚ್ಚು, ಆದ್ದರಿಂದ ಇದ್ದುದರಲ್ಲಿ ಸಣ್ಣದನ್ನೇ ಹಾಕಬೇಕು. ಕದಿರಿನ ಮೇಲೆ ಕೂರುವುದು ಒಂದೆಳೆ ರೇಷ್ಮೆ, ಸೈಕಲ್ಲಿನ ಮೇಲೆ ಕೂರುವುದು ನಾನು ಎಂಬ ವ್ಯತ್ಯಾಸವನ್ನು ಅವರೂ ಗಣಿಸಲಿಲ್ಲ, ಹೊಗಳಿಕೆಯೆಂದು ಭಾವಿಸಿ ನಾನೂ ಗಣಿಸಲಿಲ್ಲ. ಮಗ್ಗದ ಹಗ್ಗದಿಂದ ನನ್ನ ಹಳೆಯ ಹದಿನಾರು ಹಲ್ಲು ಕೆಳಗಿಳಿಯಿತು, ಅದರ ಜಾಗಕ್ಕೆ ಯಜಮಾನರು ಗುಂಡುಕಲ್ಲು ಕಟ್ಟಿದರು. ಭಾರ ಇಳಿಸಲೆಂದು ಮಡ್‌ಗಾರ್ಡು, ಕ್ಯಾರಿಯರು, ಸ್ಟ್ಯಾಂಡು, ಬೆಲ್ಲು ಎಲ್ಲ ಹೋದವು. ರೇಸಿನ ಸೈಕಲ್ಲಿಗೆ ಬ್ರೇಕೂ ಇರುವುದಿಲ್ಲ ಎಂದು ಪಂಕ್ಚರಿನ ಹಿರಿಯರು ಮತ್ತೊಮ್ಮೆ ಹೇಳಿದ್ದರಿಂದ ಬ್ರೇಕುಗಳೂ ಹೋದವು. ಬಿಚ್ಚಿದ್ದನ್ನೆಲ್ಲ ಚೀಲಕ್ಕೆ ತುಂಬಿ ಎತ್ತಿನೋಡಿ, ಇಷ್ಟು ಹಗುರವಾದೆನಲ್ಲ ಎಂದು ಹಿಗ್ಗಿದೆ. ನಾನು ಹಗುರವಾಗಿರಲಿಲ್ಲ, ಸೈಕಲ್ಲು ಮಾತ್ರ ಆಗಿತ್ತು.

ಇನ್ನು ಅಭ್ಯಾಸ. ಮೈದಾನ ಬೀದಿಯಿಂದ ದೂರ, ಅಲ್ಲಿ ಬೆಳಗ್ಗೆ ಹುಡುಗರ ಕ್ರಿಕೆಟ್ಟು. ನಮ್ಮ ಬೀದಿಯ ಕೊನೆಯಲ್ಲಿ ದುಂಡಗೆ ಸುತ್ತಬಹುದಾದ ಜಾಗ ಒಂದೇ, ನಾಗರಕಲ್ಲುಗಳಿರುವ ಅರಳಿಕಟ್ಟೆ. ಬೆಳಗಿನ ಜಾವ, ಹೊಸದಾಗಿ ಹೊಲಿಸಿದ ಚೂಡಿದಾರದಲ್ಲಿ, ಮೊದಲ ತುಳಿತಕ್ಕೆ ಯಜಮಾನರಿಂದ ಬೆನ್ನಿಗೆ ನೂಕಿಸಿಕೊಂಡು, ಕಟ್ಟೆಯ ಸುತ್ತ ಸುತ್ತತೊಡಗಿದೆ. ಯಾವ ದಿಕ್ಕಿಗೆ ಎಂದು ನಾನು ಯೋಚಿಸಲೇ ಇಲ್ಲ, ಯೋಚಿಸುವಂಥದ್ದೆಂದೂ ಅನಿಸಲಿಲ್ಲ. ಅರಳಿಕಟ್ಟೆಯನ್ನು ಯಾರಾದರೂ ಎಡಕ್ಕೆ ತಿರುಗಿ ಸುತ್ತುತ್ತಾರೆಯೇ? ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತಿದರೆ ಪ್ರದಕ್ಷಿಣೆ, ಉಲ್ಟಾ ಸುತ್ತಿದರೆ ಸೂತಕದ ಮನೆಯ ಸಂಪ್ರದಾಯ. ಒಂದು ತಿಂಗಳು ನಾನು ಬಲಕ್ಕೆ ಬಾಗಿ, ಬಲಕ್ಕೆ ವಾಲಿ, ಬಲಗಿವಿಯ ಪಕ್ಕದಲ್ಲೇ ಅರಳಿ ಎಲೆಗಳ ಸದ್ದು ಕೇಳುತ್ತಾ ಸುತ್ತಿದೆ. ವೇಗವೂ ಬಂತು, ಪುಣ್ಯವೂ ಬಂತು. ನೀರಿಗೆ ಬಂದ ಹೆಂಗಸರು ಕೊಡ ಕೆಳಗಿಟ್ಟು ನೋಡುತ್ತಿದ್ದರು, ಒಬ್ಬಾಕೆ ಮಗಳಿಗೆ ಮದುವೆಯಾಗಲೆಂದು ನನ್ನ ಹ್ಯಾಂಡಲಿಗೆ ಅರಿಶಿನದ ದಾರ ಕಟ್ಟಿ, ಒಂದಷ್ಟು ಸುತ್ತು ಅವಳ ಹೆಸರಿನಲ್ಲೂ ಹಾಕಬೇಕೆಂದು ಕೇಳಿಕೊಂಡಳು.

ಸ್ಪರ್ಧೆಯ ದಿನ ಬಂತು. ಅತ್ತೆ ಜರಿಯಂಚಿನ ಸೀರೆ ಉಟ್ಟು ಶಾಮಿಯಾನದ ಮುಂದಿನ ಸಾಲಿನಲ್ಲೇ ಕೂತರು. ನಾವು ಐವರು ಹೆಂಗಸರು ಗೆರೆಯ ಹಿಂದೆ ನಿಂತೆವು. ನನ್ನ ಪಕ್ಕದಲ್ಲಿ ಯಳಂದೂರಿನಿಂದ ಬಂದಿದ್ದ ಎಳೆಯ ವಯಸ್ಸಿನ ನರ್ಸಮ್ಮ, ಲೇಡೀಸ್ ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿ ಊಟದ ಡಬ್ಬಿಯ ಸಮೇತ ಬಂದಿದ್ದಳು. "ಬುಟ್ಟಿ ಬಿಚ್ಚಲ್ವಾ?" ಎಂದೆ, ಅನುಭವಸ್ಥಳ ಕರುಣೆಯಿಂದ. "ಬಿಚ್ಚುದ್ರ ಡಬ್ಬಿ ಎಲ್ಲಿಡ್ಲಿ ಅಕ್ಕ?" ಎಂದಳು.

ಪಿ.ಟಿ. ಮೇಷ್ಟರು ಮೈಕಿನಲ್ಲಿ ಏನೋ ವಿವರಿಸಿದರು, ಮೈಕು ಅದನ್ನು ತನ್ನಲ್ಲೇ ಇಟ್ಟುಕೊಂಡಿತು. ಸೀಟಿ ಊದಿದರು. ನಂಬುತ್ತೀರೋ ಬಿಡುತ್ತೀರೋ, ಐವರಲ್ಲಿ ನಾಲ್ವರು ಒಂದೇ ಮನಸ್ಸಿನಿಂದ ಬಲಕ್ಕೆ ತಿರುಗಿ, ಮೈದಾನವನ್ನು ಪ್ರದಕ್ಷಿಣಾಕಾರವಾಗಿ ಸುತ್ತತೊಡಗಿದೆವು. ನರ್ಸಮ್ಮನೊಬ್ಬಳು ಎಡಕ್ಕೆ ಹೋದಳು. ಜನ ಅವಳನ್ನೇ ತಪ್ಪೆಂದು ಕೂಗಿದರು. ಪಿ.ಟಿ. ಮೇಷ್ಟರು ಎರಡೂ ಕೈ ಬೀಸುತ್ತಾ ಓಡಿಬಂದು ನಮ್ಮನ್ನು ತಡೆದು, "ರೇಸು ಯಾವತ್ತೂ ಎಡಕ್ಕೆ ಕಣ್ರಮ್ಮ, ಇದು ದೇವಸ್ಥಾನ ಅಲ್ಲ," ಎಂದು ವಾಪಸ್ಸು ತಂದು ನಿಲ್ಲಿಸಿದರು. ಒಂದು ತಿಂಗಳ ವಿದ್ಯೆಯೆಲ್ಲ ನನ್ನ ಬಲಮಗ್ಗುಲಲ್ಲೇ ಇತ್ತು.

ಎರಡನೆಯ ಸೀಟಿಗೆ ನರ್ಸಮ್ಮ ಹೊರಟೇ ಹೋದಳು, ನಾನು ಮಾತ್ರ ಪೆಡಲಿನ ಮೇಲೆ ನಿಂತು ಇಡೀ ಮೈಯ ಭಾರ ಹಾಕಿದರೂ ಹದಿನಾರು ಹಲ್ಲು ಅಲುಗಲೊಲ್ಲದು. ನೂಕಲು ಇಲ್ಲಿ ಗಂಡನೂ ಇರಲಿಲ್ಲ. ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಹಿಂದೆ. ಎರಡನೆಯದರಲ್ಲಿ ಒಬ್ಬಾಕೆಯ ಸೆರಗು ಚೈನಿಗೆ ಸಿಕ್ಕಿತು, ಇನ್ನೊಬ್ಬಾಕೆ ಸುಸ್ತಾಗಿ ಪಾನಕದ ಕಡೆ ನಡೆದಳು. ಮೂರನೆಯ ಸುತ್ತಿನಲ್ಲಿ ಅದು ಬಂತು. ಆ ಹಳೆಯ ಚಕ್ರ ನನ್ನನ್ನು ಗುರುತು ಹಿಡಿಯಿತು. ಕಾಲಿನ ಭಾರ ಕರಗಿತು, ಗಾಳಿ ಕಿವಿಯಲ್ಲಿ ಹೊಕ್ಕಿತು, ಕಣ್ಣಲ್ಲಿ ನೀರು ಬಂತು. ನನಗೆ ಎಷ್ಟು ಸಂತೋಷವಾಯಿತೆಂದರೆ ಒಬ್ಬಾಕೆಯನ್ನು ದಾಟಿದ್ದು ಗೊತ್ತೇ ಆಗಲಿಲ್ಲ. ಕೊನೆಯ ಸುತ್ತಿನಲ್ಲಿ ಮುಂದಿದ್ದದ್ದು ಬುಟ್ಟಿಯ ನರ್ಸಮ್ಮ ಒಬ್ಬಳೇ, ಅವಳ ಡಬ್ಬಿಯ ಸದ್ದು ನನಗೆ ಕೇಳುವಷ್ಟು ಹತ್ತಿರ. ಆಗ ಕೊನೆಯ ತಿರುವು ಬಂತು, ಮೊದಲಿನವುಗಳಂತೆ ತುಳಿತ ನಿಲ್ಲಿಸಿ ಮೆಲ್ಲಗೆ ದಾಟುವ ವ್ಯವಧಾನ ಈಗಿರಲಿಲ್ಲ. ಅವಳು ಎಡಕ್ಕೆ ತಿರುಗಿದಳು. ನಾನೂ ಎಡಕ್ಕೆ ತಿರುಗಿಸಿದೆ, ಆದರೆ ಮೈ ಬಲಕ್ಕೆ ವಾಲಿತು. ಸೈಕಲ್ಲು ಇಬ್ಬರಲ್ಲಿ ಯಾರ ಮಾತು ಕೇಳುವುದೆಂದು ತಿಳಿಯದೆ ನೆಟ್ಟಗೆ ಹೊರಟಿತು. ಬ್ರೇಕು ಮನೆಯ ಚೀಲದಲ್ಲಿತ್ತು. ಗೆರೆ ಹಾಕಲು ತಂದಿರಿಸಿದ್ದ ರಂಗೋಲಿ ಪುಡಿಯ ಮೂಟೆಗಳ ಮೇಲೆ ನಾನೂ ಅಪ್ಪ ಕೊಡಿಸಿದ ಚಕ್ರವೂ ಒಟ್ಟಿಗೆ ಇಳಿದೆವು.

ಎದ್ದ ಪುಡಿ ಅಡಗಿದಾಗ ಮೊದಲು ಕಾಣಿಸಿದ್ದು ಜರಿಯಂಚು. ಅತ್ತೆ ಓಡಿ ಬಂದಿದ್ದರು. ನೇರವಾಗಿ ಚಕ್ರದ ಹತ್ತಿರ ಹೋಗಿ, ಎತ್ತಿ, ಬೆರಳಿನಿಂದ ತಿರುಗಿಸಿ ನೋಡಿದರು. ಅದು ತೊನೆದಾಡಿತು. ಆಮೇಲೆ ನನ್ನ ಕಡೆ ತಿರುಗಿ, ಸೆರಗಿನಿಂದ ನನ್ನ ಮುಖದ ಬಿಳುಪು ಒರೆಸಿ, ಕೈಕಾಲು ಮುಟ್ಟಿ ನೋಡಿದರು. ಪಿ.ಟಿ. ಮೇಷ್ಟರು ಹತ್ತಿರ ಬಂದದ್ದೇ ತಡ, ಅತ್ತೆ ಅವರ ಮೇಲೆ ಹರಿಹಾಯ್ದರು.

"ಅಪ್ರದಕ್ಷಿಣೆ ಸುತ್ಸುದ್ರ ಇನ್ನೇನಾದಾತು ಸಾ? ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತ ಅಂತ ನಾನೇ ಈ ಸೊಸೆಗ ಗಾದೆ ಯೋಳ್ತಿದ್ದಿ. ಇವತ್ತು ನಿಮ್ಮ ನೆಲವೇ ಡೊಂಕು."

ಹದಿನೈದು ವರ್ಷಕ್ಕೂ ಮೇಲ್ಪಟ್ಟ ದಾಂಪತ್ಯದಲ್ಲಿ ಅತ್ತೆ ನನ್ನ ಪರವಾಗಿ ಆಡಿದ ಮೊದಲ ಮಾತು ಅದು. ರಂಗೋಲಿಯ ಮೇಲೆ ಕೂತು ನಾನು ನಕ್ಕೆ, ನಗುತ್ತಾ ಸ್ವಲ್ಪ ಅತ್ತೂಬಿಟ್ಟೆ.

ಸೋಲು ಸೋಲೇ. ನರ್ಸಮ್ಮ ಸ್ಟೀಲ್ ಡಬ್ಬಿ ಗೆದ್ದು, ಅದನ್ನೂ ಬುಟ್ಟಿಯಲ್ಲಿಟ್ಟುಕೊಂಡು ಹೋದಳು. ಮಾತಿಗೆ ತಪ್ಪಬಾರದೆಂದು ನಾನೇ ಚಕ್ರವನ್ನು ಬಿಚ್ಚಿ ಅತ್ತೆಯ ಮುಂದಿಟ್ಟೆ. ಹಾಗೆ ಇಡುವಾಗ ನನಗೆ ಅಳು ಬಂತು ಎಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಅವರು ಮಾದಪ್ಪನ ಹತ್ತಿರ ಅದರ ಕಡ್ಡಿಗಳನ್ನು ಬಿಗಿಸಿ ಸರಿಮಾಡಿಸಿ ರಾಟೆಗೆ ಏರಿಸಿದರು. ವಾರವಾಗಿರಲಿಲ್ಲ, ಶಾಲೆಯಿಂದ ಬಂದು ನೋಡುತ್ತೇನೆ, ರಾಟೆಯ ಮೇಲೆ ಗುಜರಿಯಿಂದ ತಂದ ತುಕ್ಕಿನ ರಿಮ್ಮೊಂದು ಕೂತಿದೆ, ನನ್ನ ಚಕ್ರ ನನ್ನ ಮಂಚಕ್ಕೆ ಒರಗಿ ನಿಂತಿದೆ.

"ಅದು ನಂಗ ಬ್ಯಾಡ, ಅಳ್ಳಾಡ್ತದ, ಎಳೆ ಕಿತ್ತೋಯ್ತದ," ಎಂದರು ಅತ್ತೆ, ತಲೆ ಎತ್ತದೆ.

ಒಳಗೆ ಒಯ್ದು ತಿರುಗಿಸಿ ನೋಡಿದೆ. ಕೂದಲೆಳೆಯಷ್ಟೂ ಅಳ್ಳಾಡುತ್ತಿರಲಿಲ್ಲ. ಹೊರಗೆ ತುಕ್ಕಿನ ರಿಮ್ಮು ಕಿರುಗುಟ್ಟುತ್ತಿತ್ತು.

ಮರುದಿನ ನಸುಕಿನಲ್ಲಿ ಅವರೇ ನನ್ನನ್ನು ಎಬ್ಬಿಸಿ ಅರಳಿಕಟ್ಟೆಗೆ ಹೊರಡಿಸಿದರು. "ಇನ್ಮ್ಯಾಲ ಎಡಕ್ಕ ತಿರುಗು," ಎಂದರು. ನಾನು ನಾಗರಕಲ್ಲುಗಳ ಕಡೆ ನೋಡಿದೆ. "ಅದ್ರ ಚಿಂತ ನಿಂಗ್ಯಾಕ? ನೀ ಎಷ್ಟು ಸುತ್ತು ತಪ್ಪಾಗ್ ಸುತ್ತೀಯೋ, ಅಷ್ಟ ನಾನು ಸರಿಯಾಗ್ ಸುತ್ತಿ ಸಮ ಮಾಡ್ತೀನಿ," ಎಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಮುಗಿದು, ಬಲಕ್ಕೆ ನಡೆಯತೊಡಗಿದರು. ನಾನು ಎಡಕ್ಕೆ ತುಳಿದೆ. ಆದರೆ ಅವರು ಒಂದು ಸುತ್ತು ಮುಗಿಸುವುದರಲ್ಲಿ ನನ್ನದು ಎಷ್ಟೋ ಆಗಿಬಿಡುತ್ತಿತ್ತು. "ಮೆಲ್ಲಗ ಓಗಮ್ಮಿ, ನಿನ್ ಪಾಪಕ್ಕ ನನ್ ಕಾಲು ಸಾಲ್ತಾ ಇಲ್ಲ," ಎಂದು ಅವರು ಏದುಸಿರಿನಲ್ಲೇ ಕೂಗಿದರು. ಹದಿನಾರು ಹಲ್ಲಿಗೆ ಮೆಲ್ಲಗೆ ಹೋಗುವುದು ಗೊತ್ತಿಲ್ಲ, ನಿಧಾನಿಸಿದರೆ ಬೀಳುತ್ತದೆ.

ಅಂದೇ ಸಂಜೆ ಮಾದಪ್ಪನ ಬಳಿ ಹೋಗಿ, ಇಪ್ಪತ್ತು ಹಲ್ಲಿನದು ಹಾಕು ಎಂದೆ, ಬ್ರೇಕನ್ನೂ ಹಾಕಿಸಿದೆ. ಮಾನದ ಪ್ರಶ್ನೆ ನೆನಪಾಗಲೇ ಇಲ್ಲ. ಈಗ ದಿನವೂ ನಸುಕಿನಲ್ಲಿ ನಾನು ಅತ್ತೆಯ ನಡಿಗೆಗೆ ಸಮನಾಗಿ, ಹೆಚ್ಚೂಕಡಿಮೆ ನಿಂತೇ ಇರುವಷ್ಟು ಮೆಲ್ಲಗೆ, ಮುಂದಿನ ವರ್ಷದ ವೇಗದ ಸ್ಪರ್ಧೆಗೆ ತಯಾರಾಗುತ್ತಿದ್ದೇನೆ. ನಾನು ಎಡಕ್ಕೆ, ಅವರು ಬಲಕ್ಕೆ. ಪ್ರತಿ ಸುತ್ತಿನಲ್ಲೂ ಎದುರುಬದುರಾಗುತ್ತೇವೆ. ಕೈ ಮುಗಿದುಕೊಂಡೇ ಬರುವ ಅತ್ತೆ ಆಗ ನಾಗರಕಲ್ಲಿನ ಕಡೆ ನೋಡುವುದಿಲ್ಲ, ನನ್ನ ಹಿಂದಿನ ಚಕ್ರ ನೆಟ್ಟಗೆ ತಿರುಗುತ್ತಿದೆಯೇ ಎಂದು ನೋಡುತ್ತಾರೆ.